ಪೀರ್ ಟೀಮ್ ಬರುತ್ತಿದೆ, ಎಲ್ಲರೂ ನಮ್ಮವರಾಗಿ!

ವಿದ್ಯಾರ್ಥಿಗಳಲ್ಲಿ ‘ಇದು ನನ್ನ ಕಾಲೇಜು’ ಎಂಬ ಭಾವನೆ ಐದು ವರ್ಷಕ್ಕೊಮ್ಮೆ ಉಕ್ಕುತ್ತದೆ, ಎರಡು ದಿನ ಇರುತ್ತದೆ, ಮೂರನೆಯ ದಿನ ಶಾಮಿಯಾನದ ಜೊತೆ ಟೆಂಪೊ ಹತ್ತಿ ಹೊರಟುಹೋಗುತ್ತದೆ. ಕಾಲೇಜುಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನ ಪೀರ್ ಟೀಮ್, ಅಂದರೆ ಪರಿಶೀಲನಾ ತಂಡ, ಬಂದುಹೋಗುವ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ ಇರುವುದು ಕಾಕತಾಳೀಯ ಎಂದು ನಂಬುವವರು ನಂಬಬಹುದು.

1994ರಲ್ಲಿ ಹುಟ್ಟಿ, ಬೆಂಗಳೂರಿನ ನಾಗರಬಾವಿಯಲ್ಲಿ ಕೂತು ದೇಶದ ಕಾಲೇಜುಗಳನ್ನು ತೂಗುವ ಈ ಸಂಸ್ಥೆ ಏಳು ಮಾನದಂಡಗಳಲ್ಲಿ, ಒಟ್ಟು 1000 ಅಂಕಗಳಿಗೆ ಅಳೆಯುತ್ತ ಬಂದಿದೆ. ಏಳನೆಯದು ಮೌಲ್ಯಗಳದ್ದು, 100 ಅಂಕ. ಅದರೊಳಗೊಂದು ಪ್ರಶ್ನೆ: ಭಾಷೆ, ಪ್ರದೇಶ, ಧರ್ಮ, ಬಡತನ ಸಿರಿತನ ಏನೇ ಇರಲಿ, ಎಲ್ಲರನ್ನೂ ಒಳಗೊಳ್ಳುವ ವಾತಾವರಣಕ್ಕೆ ನೀವೇನು ಮಾಡಿದಿರಿ? ಪ್ರಶ್ನೆ ಒಳ್ಳೆಯದೇ. ಉತ್ತರಕ್ಕೆ ಮಾತ್ರ ಜಿಯೋಟ್ಯಾಗ್ ಮಾಡಿದ ಫೋಟೊ ಬೇಕು. ಹಾಗಾಗಿ ನಮ್ಮಲ್ಲಿ ಸೌಹಾರ್ದಕ್ಕೂ ಅಕ್ಷಾಂಶ ರೇಖಾಂಶ ಬಂದಿದೆ. ಇಷ್ಟು ಡಿಗ್ರಿ ಉತ್ತರ, ಇಷ್ಟು ಡಿಗ್ರಿ ಪೂರ್ವದಲ್ಲಿ ಬೆಳಗ್ಗೆ 11.20ಕ್ಕೆ ಸಹಿಷ್ಣುತೆ ಜರುಗಿತು; 11.40ಕ್ಕೆ ಟೀ, ಬಿಸ್ಕತ್ತು.

ನಾನು ಬಲ್ಲ ತಾಲ್ಲೂಕು ಮಟ್ಟದ ಸರ್ಕಾರಿ ಪದವಿ ಕಾಲೇಜೊಂದು ತಂಡ ಬರುವ ಸುದ್ದಿ ಕೇಳಿದ್ದೇ ತಡ, ಹೆಣ್ಣು ನೋಡಲು ಬರುವವರಿಗಾಗಿ ಸಜ್ಜಾಗುವ ಮನೆಯಂತಾಯಿತು. ಗೋಡೆಗೆ ಬಣ್ಣ ಬಿತ್ತು, ಹುಡುಗಿಯರ ಶೌಚಾಲಯದ ಕಳೆದುಹೋಗಿದ್ದ ಬೀಗದ ಕೈ ಸಿಕ್ಕಿತು, ‘ಆತ್ಮೀಯತಾ ಸಮಿತಿ’ ರಚನೆಯಾಯಿತು. ಅಧ್ಯಕ್ಷರು ಪ್ರಾಂಶುಪಾಲರು. ಸಂಚಾಲಕ ಸ್ಥಾನ ಒಬ್ಬ ಅತಿಥಿ ಉಪನ್ಯಾಸಕರ ಹೆಗಲಿಗೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಇಂಥವರು ಸಾವಿರಾರು ಮಂದಿ ಇದ್ದಾರೆ. ಸೇವಾ ಭದ್ರತೆ ಕೊಡಿ ಎಂದು 2023ರ ಕೊನೆಯಲ್ಲಿ ತರಗತಿ ಬಿಟ್ಟು ಬೀದಿಗಿಳಿದದ್ದೂ ಆಗಿದೆ. ಮುಂದಿನ ವರ್ಷ ತಾವೇ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರು ಮಕ್ಕಳಲ್ಲಿ ‘ಇದು ನಿಮ್ಮದೇ ಸಂಸ್ಥೆ’ ಎಂಬ ನಂಬಿಕೆ ತುಂಬಬೇಕು. ಪ್ರಾಂಶುಪಾಲರು ಧೈರ್ಯ ಹೇಳಿದರು: “ಹೆದರ್ಕೋಬೇಡಿ ಮೇಷ್ಟ್ರೇ. ಭಾವನೆ ಆಮೇಲೆ ಬಂದ್ರೂ ನಡೆಯುತ್ತೆ, ರಿಪೋರ್ಟ್ ಮಾತ್ರ ಗುರುವಾರದೊಳಗೆ ಬೇಕು.”

ಮೊದಲ ಕಾರ್ಯಕ್ರಮ ಎಥ್ನಿಕ್ ಡೇ. ಪಂಚೆ, ಮೈಸೂರು ಪೇಟ, ಇಳಕಲ್ ಸೀರೆ, ಕೊಡವರ ಕುಪ್ಯ. ಲಂಬಾಣಿ ಉಡುಪು ತೊಟ್ಟವಳು ಜವಳಿ ಅಂಗಡಿ ಸಾಹುಕಾರರ ಮಗಳು. ಬಾಡಿಗೆಗೆ ತಂದದ್ದು, ಮೊದಲ ಬಹುಮಾನವೂ ಅದಕ್ಕೇ. ತಾಂಡಾದಿಂದ ಬರುವ ಹುಡುಗಿ ಚೂಡಿದಾರದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ಹೋದ ವರ್ಷ ಅವಳ ಅಜ್ಜಿ ಅಂಥದೇ ಕನ್ನಡಿ ಹೊಲಿದ ಲಂಗ ತೊಟ್ಟು ಫೀಸು ಕಟ್ಟಲು ಬಂದಾಗ, “ಏಯ್ ಅಜ್ಜಿ, ಇಲ್ಲಿ ನಿಲ್ಬೇಡ, ಆಚೆ ನಡಿ” ಎಂದು ಕಚೇರಿಯ ಕಿಟಕಿಯಿಂದಲೇ ಅಟ್ಟಿದ್ದರು. ಅಜ್ಜಿಯ ತಪ್ಪು ಸ್ಪಷ್ಟ: ಎಥ್ನಿಕ್ ಡೇ ಅಲ್ಲದ ದಿನ ಬಂದಿದ್ದಳು.

ಎರಡನೆಯದು ರ‍್ಯಾಂಪ್. ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಈ ರ‍್ಯಾಂಪ್ ಬಂದದ್ದು ತಂಡ ಬರುವ ಹಿಂದಿನ ಭಾನುವಾರ. ಅಂಗಳದಿಂದ ಹೊರಟು ಜಗಲಿಗೆ ಬಂದು ಅದು ಸುಸ್ತಾಗಿ ನಿಲ್ಲುತ್ತದೆ. ತರಗತಿ ಒಂದನೇ ಮಹಡಿಯಲ್ಲಿದೆ, ಲೈಬ್ರರಿ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಪ್ರಸ್ತಾವನೆಯಲ್ಲಿದೆ. ಊರುಗೋಲಿನ ಹುಡುಗನನ್ನು ಗೆಳೆಯರು ದಿನಾ ಹೊತ್ತುಕೊಂಡೇ ಮೆಟ್ಟಿಲು ಹತ್ತುತ್ತಾರೆ. ಆ ಕೆಲಸ ಯಾವ ಫೈಲಿನಲ್ಲೂ ಇಲ್ಲ; ರ‍್ಯಾಂಪಿನ ಫೋಟೊ ನಾಲ್ಕೂ ದಿಕ್ಕಿನಿಂದ ಇದೆ.

ಮೂರನೆಯದು, ‘ಕಾಲೇಜು ನಿಮ್ಮ ಎರಡನೇ ಮನೆ’ ಎಂಬ ವಿಶೇಷ ಉಪನ್ಯಾಸ. ಬೆಳಗ್ಗೆ 9ಕ್ಕೆ ಶುರು. ಹಳ್ಳಿ ಕಡೆಯ ಬಸ್ಸು ಬರುವುದು 9.40ಕ್ಕೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡು ಉಳಿಯಿತೇ ಹೊರತು ಈ ಬಸ್ಸಿನ ವೇಳೆ ಬದಲಾಗಲಿಲ್ಲ. ಗೇಟಿಗೆ ಬೀಗ ಬಿದ್ದ ಮೇಲೆ ಇಳಿದವರು ಬೀದಿಯಲ್ಲೇ ನಿಂತು, ತಮ್ಮ ಎರಡನೇ ಮನೆಯ ವರ್ಣನೆಯನ್ನು ಮೈಕಿನಲ್ಲಿ ಕೇಳಿಸಿಕೊಂಡರು. ಇನ್ನು ಆಟ, ನಾಟಕ, ಎನ್‌ಎಸ್‌ಎಸ್ ಎಲ್ಲ ಸಂಜೆ 4ರ ಮೇಲೆ. ಊರಿಗೆ ಕೊನೆಯ ಬಸ್ಸು 3.50ಕ್ಕೆ. ‘ಗ್ರಾಮೀಣ ವಿದ್ಯಾರ್ಥಿಗಳಲ್ಲಿ ಭಾಗವಹಿಸುವ ಮನೋಭಾವ ಕಡಿಮೆ’ ಎಂದು ಸಮಿತಿ ಕಳವಳ ವ್ಯಕ್ತಪಡಿಸಿ ನೋಟಿಸ್ ಬೋರ್ಡಿಗೆ ಅಂಟಿಸಿತು. ಪಕ್ಕದಲ್ಲೇ, ಹಾಜರಾತಿ ಕಡಿಮೆ ಇರುವುದರಿಂದ ಪರೀಕ್ಷೆಗೆ ಕೂರುವಂತಿಲ್ಲದವರ ಪಟ್ಟಿ.

ಪಿಯುಸಿವರೆಗೆ ಕನ್ನಡದಲ್ಲಿ ಓದಿ ಬಿ.ಕಾಂ. ಸೇರಿದವರಿಗಾಗಿ ಬ್ರಿಡ್ಜ್ ಕೋರ್ಸ್ ನಡೆಯಿತು, ವರದಿಯಲ್ಲಿ. ತರಗತಿಯಲ್ಲಿ ಮೇಡಂ ಕೇಳಿದರು: “ಡೌಟ್ಸ್ ಇದ್ರೆ ಕೇಳಿ. ಇಂಗ್ಲಿಷ್‌ನಲ್ಲೇ ಕೇಳ್ಬೇಕು, ಪ್ರಾಕ್ಟೀಸ್ ಆಗುತ್ತೆ.” ಒಬ್ಬರೂ ಬಾಯಿ ಬಿಡಲಿಲ್ಲ. ಫೀಡ್‌ಬ್ಯಾಕ್‌ನಲ್ಲಿ ದಾಖಲಾಯಿತು: ಪಾಠ ಎಲ್ಲರಿಗೂ ಸಂಪೂರ್ಣ ಅರ್ಥವಾಗಿದೆ.

ಇಷ್ಟಾಗಿಯೂ ಯಾರಿಗಾದರೂ ತಾರತಮ್ಯ ಅನಿಸಿದರೆ? ಅದಕ್ಕೆ ಸಮಾನ ಅವಕಾಶ ಕೋಶ ಇದೆ. ಇಂಥ ಕೋಶವೂ ತಾರತಮ್ಯ ತಡೆ ಅಧಿಕಾರಿಯೂ ಇರಬೇಕೆಂದು ಯುಜಿಸಿ 2012ರಲ್ಲೇ ನಿಯಮ ಮಾಡಿತು. ನಿಯಮ ಇದ್ದಂತೆಯೇ 2016ರಲ್ಲಿ ಹೈದರಾಬಾದಿನಲ್ಲಿ ವಿದ್ಯಾರ್ಥಿ ರೋಹಿತ್ ವೇಮುಲ, 2019ರಲ್ಲಿ ಮುಂಬೈಯಲ್ಲಿ ವೈದ್ಯಕೀಯ ವಿದ್ಯಾರ್ಥಿನಿ ಪಾಯಲ್ ತಡ್ವಿ ಜಾತಿ ತಾರತಮ್ಯದ ಆರೋಪಗಳ ನಡುವೆ ಜೀವ ಕಳೆದುಕೊಂಡರು. ಇಬ್ಬರ ತಾಯಂದಿರೂ ಸೇರಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿ ಕೇಳಿದ್ದು, ಬರೆದಿಟ್ಟ ನಿಯಮವನ್ನು ಜಾರಿ ಮಾಡಿಸಿ ಎಂದು. ಈ ಕಾಲೇಜಿನಲ್ಲಿ ಜಾರಿಯಾಗಿದೆ: ಬೋರ್ಡು ಇದೆ, ದೂರು ಪೆಟ್ಟಿಗೆಯೂ ಇದೆ. ಪೆಟ್ಟಿಗೆ ಇರುವುದು ಪ್ರಾಂಶುಪಾಲರ ಕೊಠಡಿಯ ಬಾಗಿಲಲ್ಲಿ, ಸಿಸಿ ಕ್ಯಾಮೆರಾದ ಕಣ್ಣೆದುರು. ಬೀಗದ ಕೈ ಇರುವುದು ಗುಮಾಸ್ತರ ಜೇಬಿನಲ್ಲಿ. ತುಂಬಿದ ತರಗತಿಗೆ ನುಗ್ಗಿ, “ಎಸ್ಸಿ ಎಸ್ಟಿಯೋರೆಲ್ಲ ಎದ್ದು ನಿಂತ್ಕೊಳ್ರಪ್ಪ, ಸ್ಕಾಲರ್‌ಶಿಪ್ ಲಿಸ್ಟ್ ನೋಡ್ಬೇಕು” ಎನ್ನುವವರೂ ಅವರೇ. ವರ್ಷದ ಒಟ್ಟು ದೂರುಗಳು: ಸೊನ್ನೆ. ಸಾಧನೆಗಳ ಪುಟದಲ್ಲಿ ಇದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ.

ತಂಡ ಬಂತು. ವಿದ್ಯಾರ್ಥಿಗಳೊಂದಿಗೆ ಸಂವಾದಕ್ಕೆ ಇಂಗ್ಲಿಷ್ ಬಲ್ಲ, ಶೂ ಇರುವ, ವಾರವಿಡೀ ತಾಲೀಮು ಮುಗಿಸಿದ ಇಪ್ಪತ್ತು ಮಂದಿ ಸಿದ್ಧರಿದ್ದರು. ಮಿಕ್ಕವರಿಗೆ ರಜೆ, ಕಾಂಪೌಂಡಿನ ಹತ್ತಿರವೂ ಸುಳಿಯಕೂಡದೆಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅಪ್ಪಣೆ. ಎಲ್ಲರನ್ನೂ ಒಳಗೊಂಡಿದ್ದೇವೆಂದು ತೋರಿಸುವ ದಿನ ಎಲ್ಲರೂ ಬಂದರೆ ಕೆಲಸ ಕೆಡುತ್ತದೆ, ಇದು ಅನುಭವಸ್ಥರ ಮಾತು. ‘ಇಲ್ಲಿ ನಿಮಗೆ ಎಲ್ಲರೂ ನಮ್ಮವರು ಅನಿಸುತ್ತದೆಯೇ’ ಎಂದು ತಂಡದ ಹಿರಿಯರು ವಿಚಾರಿಸಿದರು. ಇಪ್ಪತ್ತು ಗಂಟಲು ಒಂದೇ ಶ್ರುತಿಯಲ್ಲಿ “ಯೆಸ್ ಸರ್” ಎಂದವು. ಕಣ್ಣೊರೆಸಿಕೊಳ್ಳುವ ಹೊಣೆ ಹೊತ್ತಿದ್ದ ಹುಡುಗಿ ಅದನ್ನೂ ಚೆನ್ನಾಗಿ ನಿಭಾಯಿಸಿದಳು.

ಇಷ್ಟು ಶ್ರಮವೂ ಬೇಡ ಎನ್ನುವವರಿಗೆ ಬೇರೆ ದಾರಿ ಇತ್ತೆಂಬುದು 2025ರ ಫೆಬ್ರವರಿಯಲ್ಲಿ ಬಯಲಾಯಿತು: ಆಂಧ್ರದ ಸಂಸ್ಥೆಯೊಂದಕ್ಕೆ ಒಳ್ಳೆಯ ಗ್ರೇಡ್ ಕೊಡಲು ಲಂಚ ಪಡೆದ ಆರೋಪದಲ್ಲಿ ನ್ಯಾಕ್ ಪರಿಶೀಲನಾ ತಂಡದವರನ್ನೇ ಸಿಬಿಐ ಬಂಧಿಸಿತು. ಗ್ರೇಡಿನ ಗೊಡವೆ ಬಿಟ್ಟು, ಮಾನ್ಯತೆ ‘ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುವ ಪದ್ಧತಿ ತರುವ ಘೋಷಣೆ 2024ರಲ್ಲೇ ಆಗಿದೆ. ಒಳ್ಳೆಯದೇ ಆಯಿತು. ಆತ್ಮೀಯತೆ: ಇದೆ. ಮುಂದಿನ ಕಾಲಂ.

ತಂಡ ಹೋದ ಮೇಲೆ ನಡೆದ ಸಭೆಯಲ್ಲಿ ಸಂಚಾಲಕರು ಒಂದು ಪಟ್ಟಿ ಮುಂದಿಟ್ಟರು. ಮೊದಲ ಪೀರಿಯಡ್ 9.45ಕ್ಕೆ ಶುರುವಾಗಲಿ. ಊರುಗೋಲಿನ ಹುಡುಗನ ತರಗತಿ ನೆಲಮಹಡಿಗೆ ಬರಲಿ. ಸ್ಕಾಲರ್‌ಶಿಪ್ ವಿಚಾರ ಒಬ್ಬೊಬ್ಬರನ್ನೇ ಕರೆದು ಹೇಳಲಿ. ಕನ್ನಡದಲ್ಲಿ ಕೇಳಿದ ಡೌಟಿಗೂ ಉತ್ತರ ಸಿಗಲಿ. ಅಜ್ಜಿ ಬಂದರೆ ಕೂರಲು ಕುರ್ಚಿ ಇರಲಿ.

ಪ್ರಾಂಶುಪಾಲರು ಕನ್ನಡಕ ಏರಿಸಿ ಓದಿದರು. “ಖರ್ಚೆಷ್ಟು?”

“ಏನೂ ಇಲ್ಲ ಸಾರ್.”

“ಬಿಲ್ಲು?”

“ಅದೂ ಇಲ್ಲ ಸಾರ್.”

“ಉದ್ಘಾಟನೆ?”

“ಇಲ್ಲ ಸಾರ್.”

“ಮತ್ತೆ ಫೋಟೊ ಯಾವುದರದ್ದು ತೆಗೀತೀರಿ ಮೇಷ್ಟ್ರೇ?”

ಪಟ್ಟಿಯನ್ನು ಮುಂದಿನ ನ್ಯಾಕ್ ಸುತ್ತಿಗೆಂದು ಕಾದಿರಿಸಿದರು. ಮೇಷ್ಟ್ರ ಅವಧಿ ಸೆಮಿಸ್ಟರ್ ಜೊತೆಗೇ ಮುಗಿಯಿತು. ಆತ್ಮೀಯತಾ ಸಮಿತಿಯ ಸಂಚಾಲಕ ಸ್ಥಾನ ಈಗ ಖಾಲಿ ಇದೆ. ಆಸಕ್ತರು ಅರ್ಜಿ ಹಾಕಬಹುದು, ಪಾಸ್‌ಪೋರ್ಟ್ ಅಳತೆಯ ಫೋಟೊ ಕಡ್ಡಾಯ.