ಟೈರ್ ಮೀಮಾಂಸೆ: ಹಿಡಿತ–ಸವೆತಗಳ ಅದ್ವೈತ ವಿಚಾರ

ಅಧಿಕಾರಿ ನಿರ್ಣಯ

ಯಾವ ಶಾಸ್ತ್ರವೇ ಆಗಲಿ, ಅದಕ್ಕೆ ಅಧಿಕಾರಿ ಯಾರೆಂಬುದು ಮೊದಲು ಇತ್ಯರ್ಥವಾಗಬೇಕು. ನಾಲ್ಕು ಟೈರಿಗೆ ಒಂದು ಹಳೇ ಸ್ಕೂಟರಿನ ಬೆಲೆ ತೆತ್ತು, ಮನೆಯಲ್ಲಿ ಅದರ ಅರ್ಧವನ್ನಷ್ಟೇ ಹೇಳಿದವನು ಉತ್ತಮಾಧಿಕಾರಿ. ಕೊಳ್ಳುವ ಮುನ್ನ ಮೂರು ತಿಂಗಳು ವಿಮರ್ಶೆ ಓದಿ, ಕೊನೆಗೆ ಅಂಗಡಿಯಲ್ಲಿ ಸ್ಟಾಕ್ ಇದ್ದದ್ದನ್ನೇ ಹಾಕಿಸಿಕೊಂಡವನು ಮಧ್ಯಮಾಧಿಕಾರಿ. ‘ಗಾಡಿ ಓಡಿದ್ರೆ ಸಾಕು’ ಎನ್ನುವವನು ನಿತ್ಯಮುಕ್ತ. ಅವನಿಗೆ ಈ ಶಾಸ್ತ್ರ ಬೇಕಿಲ್ಲ.

ಪ್ರಮಾಣ ವಿಚಾರ

ಈ ದರ್ಶನದಲ್ಲಿ ಟೈರಿನ ಪಕ್ಕದ ಗೋಡೆಯೇ ಶ್ರುತಿ. ‘225/45 ಆರ್ 17’ ಎಂಬಲ್ಲಿ ಅಗಲ 225 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇ. 45, ರಿಮ್ಮಿನ ವ್ಯಾಸ 17 ಇಂಚು. ಕೊನೆಯಲ್ಲಿ ‘ವೈ’ ಅಕ್ಷರವಿದ್ದರೆ ಆ ಟೈರು ಗಂಟೆಗೆ 300 ಕಿಲೋಮೀಟರ್ ವೇಗ ತಾಳಬಲ್ಲದು. ಅದೇ ಟೈರು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಫಸ್ಟ್ ಗೇರಿನಲ್ಲಿ ತೆವಳುತ್ತಿರುವುದು ಪ್ರತ್ಯಕ್ಷ. ಹೀಗೆ ಶ್ರುತಿಗೂ ಪ್ರತ್ಯಕ್ಷಕ್ಕೂ ವಿರೋಧ ಬಂದಾಗ ಶ್ರುತಿಯನ್ನೇ ನಂಬುವುದು ನಮ್ಮ ಸಂಪ್ರದಾಯ.

‘2319’ ಎಂಬಂಥ ನಾಲ್ಕು ಅಂಕಿ 2019ರ 23ನೇ ವಾರದ ಜನನವನ್ನು ಹೇಳುತ್ತದೆ. ‘ಟ್ರೆಡ್‌ವೇರ್’ ಎಂಬ ಅಮೆರಿಕದ ಅಂಕೆ ಆಯುಷ್ಯ ಹೇಳುತ್ತದೆ: ಮಾದರಿ ಟೈರಿಗೆ 100 ಎಂದಿಟ್ಟುಕೊಂಡರೆ 200ರದ್ದು ಅದರ ಎರಡರಷ್ಟು ಬಾಳಬೇಕು. ಈ ಅಂಕ ಕೊಡುವವನು ತಯಾರಕನೇ. ಹೆತ್ತವರೇ ಪರೀಕ್ಷಕರಾದ ಶಾಲೆಯ ಫಲಿತಾಂಶವನ್ನು ಯಾವ ಪ್ರಮಾಣಕ್ಕೆ ಸೇರಿಸಬೇಕೆಂದು ಆಚಾರ್ಯರಲ್ಲಿ ಒಮ್ಮತವಿಲ್ಲ.

ಪೂರ್ವಪಕ್ಷ

ರಸ್ತೆಬದಿಯ ಪಂಕ್ಚರ್ ಅಂಗಡಿಯ ಹಿರಿಯರು ದ್ವೈತಿಗಳು. ಟೈರಿಗೆ ಹೆಬ್ಬೆರಳು ಒತ್ತಿ, ಉಗುರಿನ ಗುರುತು ಉಳಿದದ್ದನ್ನು ನೋಡಿ, ಅವರು ಕೇಳುವ ಪ್ರಶ್ನೆ ಒಂದೇ: “ಲೈಫ್ ಎಷ್ಟು ಬರುತ್ತೆ ಸಾರ್?” ಹಿಡಿತ ಬೇರೆ, ಬಾಳಿಕೆ ಬೇರೆ, ದುಡ್ಡು ಕೊಟ್ಟರೆ ಎರಡೂ ಸಿಗಬೇಕು ಎಂಬುದು ಇದರ ಭಾವ. ಜಾಹೀರಾತುಗಳೂ ಇದೇ ಮತದವು.

ಇನ್ನೊಬ್ಬ ವಾದಿ ಫ್ರಾನ್ಸಿನ ಅಮೊಂಟೊನ್ಸ್. ಘರ್ಷಣೆ ಭಾರವನ್ನು ಅವಲಂಬಿಸುತ್ತದೆಯೇ ಹೊರತು ಸೋಕುವ ವಿಸ್ತಾರವನ್ನಲ್ಲ ಎಂದು ಆತ 1699ರಲ್ಲೇ ಸಾರಿದ. ಹಾಗಿದ್ದರೆ ಅಗಲದ ಟೈರಿಗೆ ಸುರಿದ ಹಣ ನೀರುಪಾಲು ತಾನೇ?

ಖಂಡನೆ

ಅಲ್ಲ. ರಬ್ಬರು ಅಮೊಂಟೊನ್ಸನ ಮಾತು ಕೇಳುವ ಪದಾರ್ಥವಲ್ಲ. ಅದು ಜಲ್ಲಿಯ ಮೊನೆಗಳ ನಡುವೆ ಇಳಿದು, ಹಿಂದಿರುಗಲು ತಡಮಾಡುತ್ತದೆ. ಆ ತಡದಲ್ಲಿ ಖರ್ಚಾದ ಶಕ್ತಿ ಬಿಸಿಯಾಗಿ ಹೋಗುತ್ತದೆ, ಹಿಡಿತವಾಗಿ ಒದಗುತ್ತದೆ. ಭಾರ ಹೆಚ್ಚಿದಷ್ಟೂ ಘರ್ಷಣೆಯ ಗುಣಾಂಕ ಇಳಿಯುವುದರಿಂದ, ಭಾರವನ್ನು ಹಂಚಿಕೊಳ್ಳುವ ಅಗಲಕ್ಕೆ ಬೆಲೆಯಿದೆ. ಇನ್ನು ದ್ವೈತಿಗಳಿಗೆ ಶಾಲೆಯ ರಬ್ಬರೇ ದೃಷ್ಟಾಂತ. ಚೆನ್ನಾಗಿ ಅಳಿಸುವುದು ಬೇಗ ಪುಡಿಯಾಗುತ್ತದೆ. ಪುಡಿಯಾಗದ್ದು ಕಾಗದ ಹರಿಯುತ್ತದೆ.

ಪ್ರಯೋಗ ಖಂಡ

ಬೆಂಗಳೂರಿನ ಸಾಧಕರಿಗೆ ಪ್ರಯೋಗಶಾಲೆ ಇರುವುದು ತಮಿಳುನಾಡಿನಲ್ಲಿ, ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟೈಯಲ್ಲಿ: 3.7 ಕಿಲೋಮೀಟರಿನ ರೇಸ್ ಟ್ರ್ಯಾಕ್. ಕೋಳಿ ಕೂಗುವ ಮೊದಲೇ ಹೊರಟು ಅಲ್ಲಿ ತಲುಪಿದವರು ಮೊದಲು ಟೈರಿನ ಹೊರ ಅಂಚಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆಯುತ್ತಾರೆ. ಕೆಲವು ಸುತ್ತು ಹೊಡೆದು ಬಂದಾಗ ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರು ಮಗ್ಗುಲಾಗಿದೆ ಎಂದರ್ಥ. ಗೋಡೆಯವರೆಗೂ ಅಳಿಸಿದ್ದರೆ ಗಾಳಿ ಸಾಲದು.

ಆದರೆ ಗಾಳಿಯೂ ಸ್ಥಿರವಲ್ಲ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಒತ್ತಡ ಸುಮಾರು 1.5 ಪಿಎಸ್‌ಐ ಏರುತ್ತದೆ. ಆದ್ದರಿಂದ ಸಾಧಕನು ಮಧ್ಯಾಹ್ನವೆಲ್ಲ ಗೇಜು ಹಿಡಿದು ಗಾಳಿ ಬಿಡುತ್ತಾನೆ, ಸಂಜೆ ಊರಿಗೆ ಹೊರಡುವಾಗ ಅದನ್ನೇ ತುಂಬಿಸಿಕೊಳ್ಳುತ್ತಾನೆ. ಇದೇ ಪ್ರಾಣಾಯಾಮ.

ಮುಂದಿನ ಟೈರಿನ ಹೊರಭುಜವನ್ನು ಸವರಿ ನೋಡಬೇಕು. ಅಲ್ಲಿ ರಬ್ಬರು ಸಣ್ಣ ಸಣ್ಣ ಸುರುಳಿಗಳಾಗಿ ಎದ್ದಿರುತ್ತದೆ. ಪರರ ಟೈರುಗಳು ಉದುರಿಸಿದ ಚೂರುಗಳೂ ಕಲ್ಲಿನ ಸಮೇತ ಅಂಟಿರುತ್ತವೆ. ಬೀದಿಯ ಕಾರಿನ ಚಕ್ರಗಳಿಗೆ ಒಳವಾಲು ಕಡಿಮೆ. ತಿರುವಿನ ಹೊರೆಯೆಲ್ಲ ಹೊರ ಅಂಚಿಗೇ ಬೀಳುತ್ತದೆ. ನಡುಭಾಗ ಇನ್ನೂ ಬ್ರಹ್ಮಚಾರಿಯಾಗಿರುವಾಗಲೇ ಭುಜ ಸನ್ಯಾಸ ಸ್ವೀಕರಿಸುವುದು ಹೀಗೆ.

ಆಪದ್ಧರ್ಮ

ಟ್ರ್ಯಾಕಿನ ಸಾವು ಕರ್ಮಫಲ. ರಸ್ತೆಯ ಸಾವು ಪ್ರಾರಬ್ಧ. ಮಳೆನೀರು ತುಂಬಿದ ಒಂದು ಗುಂಡಿ ಸಾಕು, ಗಿಡ್ಡ ಗೋಡೆಯೊಳಗಿನ ದಾರಗಳು ಕಡಿದು ಪಕ್ಕದಲ್ಲಿ ಬೋರೆ ಏಳುತ್ತದೆ. ಅದಕ್ಕೆ ರಿಪೇರಿಯಿಲ್ಲ, ಪ್ರಾಯಶ್ಚಿತ್ತವೂ ಇಲ್ಲ. ಮೂರನೆಯ ಗತಿಯೊಂದಿದೆ: ಕಾದು ಆರಿ, ಮತ್ತೆ ಕಾದು ಆರಿ, ರಬ್ಬರು ಗಟ್ಟಿಯಾಗುವುದು. ಆಗ 1.6 ಮಿಲಿಮೀಟರಿನ ಸವೆತದ ಗುರುತು ಇನ್ನೂ ದೂರವಿದ್ದರೂ ಹಿಡಿತ ಹೋಗಿರುತ್ತದೆ. ಟ್ರೆಡ್ ಉಳಿಸಲೆಂದು ವರ್ಷಗಟ್ಟಲೆ ಭಾನುವಾರ ಮಾತ್ರ ಕಾರು ತೆಗೆದ ಜಿಪುಣನಿಗೂ ವಯಸ್ಸು ಇದೇ ಗತಿ ಕಾಣಿಸುತ್ತದೆ.

ಸಿದ್ಧಾಂತ ಮತ್ತು ಫಲಶ್ರುತಿ

ಆದ್ದರಿಂದ ಹಿಡಿತವೇ ಸವೆತ, ಸವೆತವೇ ಹಿಡಿತ. ಬಳಸದೆ ಉಳಿಸಿದ ಟೈರು ಎರಡಕ್ಕೂ ಎರವು. ಇದನ್ನು ನಿತ್ಯ ಪಠಿಸುವವನ ಲ್ಯಾಪ್ ಟೈಮಿನಲ್ಲಿ ಸುಧಾರಣೆಯೇನೂ ಕಾಣದು. ಆದರೆ ಬೆಳಗಿನ ಸುತ್ತಿಗೆ ‘ಟೈರ್ ಬಿಸಿಯಾಗಿರಲಿಲ್ಲ’, ಮಧ್ಯಾಹ್ನದ್ದಕ್ಕೆ ‘ಟೈರ್ ಕಾದುಹೋಗಿತ್ತು’ ಎಂಬ ಎರಡು ಮಹಾವಾಕ್ಯಗಳು ಅವನ ನಾಲಗೆಯ ಮೇಲೆ ಸದಾ ಸಿದ್ಧವಾಗಿರುತ್ತವೆ.