ಬರಗಾಲದ ಬಂಪರ್ ಬೆಳೆ

ಕಾವೇರಿ ಸೀಮೆಯಲ್ಲಿ ನೀರು ಕಮ್ಮಿಯಾದಷ್ಟೂ ಹುಲುಸಾಗಿ ಬರುವ ಬೆಳೆ ಒಂದೇ ಒಂದು: ಜಗಳ. ಗೊಬ್ಬರ ಬೇಡ, ಕಳೆ ಕೀಳುವ ಕೆಲಸವಿಲ್ಲ, ಬೆಂಬಲ ಬೆಲೆಯನ್ನಂತೂ ಎರಡೂ ರಾಜ್ಯಗಳ ಎಲ್ಲ ಪಕ್ಷಗಳೂ ಕೇಳುವ ಮೊದಲೇ ಘೋಷಿಸುತ್ತವೆ. 2023ರ ಆಗಸ್ಟನ್ನೇ ನೋಡಿ. 1901ರಿಂದೀಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ಭತ್ತ ಕೈಕೊಟ್ಟಿತು, ರಾಗಿ ಬಾಡಿತು. ಜಗಳ ಮಾತ್ರ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್ ಎಂಬ ಮೊದಲ ಕೊಯ್ಲು, ಮೂರೇ ದಿನಕ್ಕೆ ಕರ್ನಾಟಕ ಬಂದ್ ಎಂಬ ಎರಡನೇ ಕೊಯ್ಲು ಕೊಟ್ಟಿತು. ವಾರಕ್ಕೆರಡು ಫಸಲು ಕೊಡುವ ಇಂಥ ತಳಿಯನ್ನು ಯಾವ ಕೃಷಿ ವಿಶ್ವವಿದ್ಯಾಲಯವೂ ಇನ್ನೂ ಬಿಡುಗಡೆ ಮಾಡಿಲ್ಲ.

ಮರುವರ್ಷ ಜುಲೈನಲ್ಲಿ ಕೊಡಗಿನಲ್ಲಿ ಮಳೆ ಹಿಡಿಯಿತು. ಕನ್ನಂಬಾಡಿ 124.80 ಅಡಿ ಮುಟ್ಟಿತು, ಬಾಗಿನ ಬಿಟ್ಟರು, ಲಕ್ಷ ಕ್ಯೂಸೆಕ್ ದಾಟಿ ನೀರು ಹೊಳೆಗಿಳಿಯಿತು. ವಕೀಲರು, ಪ್ರಾಧಿಕಾರ, ಸಮಿತಿ ಎಲ್ಲರೂ ಸೇರಿ ಮಾಡಲಾಗದ ರಾಜಿಯನ್ನು ಮೋಡಗಳು ಎರಡು ವಾರದಲ್ಲಿ ಫೀಸಿಲ್ಲದೆ ಮಾಡಿ ಹೋದವು. ಜಗಳ ನಿಂತಿತಲ್ಲ, ಇನ್ನು ಸಂಧಾನಕ್ಕೆ ಬಜೆಟ್ ಬರಬೇಕಾದದ್ದು ಸಹಜ. ಬಂತು. ಹವಾಮಾನ ಬದಲಾವಣೆಯಿಂದ ನೊಂದ ಸಮುದಾಯಗಳಲ್ಲಿ ಶಾಂತಿ ನೆಲೆಗೊಳಿಸುವುದು ಹೇಗೆಂಬ ಕಮ್ಮಟಕ್ಕೆ, ಬೆಂಗಳೂರಿನ ತಾರಾ ಹೋಟೆಲೊಂದಕ್ಕೆ, ನನಗೂ ಕರೆ ಬಂತು.

ಭೂಮಿ ಕಾದು ಕೆಂಡವಾಗುತ್ತಿದೆ ಎಂಬ ಭಾಷಣವನ್ನು ನಾನು ಶಾಲು ಹೊದ್ದು ಕೇಳಿದೆ, ಏಸಿ ಅಷ್ಟು ಜೋರಿತ್ತು. ಮಾತುಮಾತಿಗೂ ‘ಪಾಲುದಾರರು’ ಎಂಬ ಪದ. ನಮ್ಮ ಕಡೆ ಪಾಲುದಾರ ಎಂದರೆ ಪಾಲಿಗಾಗಿ ಅಣ್ಣನ ಮೇಲೇ ಕೇಸು ಹಾಕಿದವನು. ಅಂಥ ಅಸಲಿ ಪಾಲುದಾರರಿಬ್ಬರನ್ನು ಕರೆಸಿದ್ದರು: ಮದ್ದೂರು ಕಡೆಯ ನಾಲೆಯ ಕೊನೆ ಭಾಗದ ರೈತ, ನಾಗಪಟ್ಟಿಣಂನ ಕಾಲುವೆಯ ಕೊನೆ ಭಾಗದ ರೈತ. ಕೂರಿಸಿದ್ದೂ ಕೊನೆ ಸಾಲಿನಲ್ಲೇ, ನನ್ನ ಎಡಬಲಕ್ಕೆ.

“ನಾಲೇಲೂ ಕೊನೇಲವ್ನಿ, ಇಲ್ಲೂ ಕೊನೇಲೇ ಕೂರ್ಸವ್ರೆ,” ಎಂದರು ಮದ್ದೂರಿನವರು. “ಊಟನಾದ್ರೂ ಇಲ್ಗಂಟ ಬತ್ತದಾ ಸಾ?”

ನನ್ನ ಹರಕು ತಮಿಳಿನಲ್ಲಿ ಇದನ್ನು ಆಚೆಯವರಿಗೆ ದಾಟಿಸಿದೆ. ಅವರು ನಕ್ಕ ರೀತಿ ನೋಡಿದರೆ ಅನುವಾದದ ಅಗತ್ಯವೇ ಇರಲಿಲ್ಲವೇನೋ.

ವೇದಿಕೆಯ ಮೇಲೆ ಅಂಕಿಗಳ ಮೆರವಣಿಗೆ ಶುರುವಾಯಿತು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟ್. ಒಟ್ಟು 740 ಟಿಎಂಸಿ ನೀರಿನಲ್ಲಿ ತಮಿಳುನಾಡಿಗೆ 404.25, ನಮಗೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಪರಿಸರಕ್ಕೆಂದು 10, ತಡೆದರೂ ನಿಲ್ಲದೆ ಸಮುದ್ರಕ್ಕೆ ಹೋಗುವುದು 4. ಅಂದರೆ ಕಾವೇರಿಗೆ ಕಾವೇರಿಯಾಗಿ ಹರಿಯಲು ಸಿಕ್ಕಿದ್ದು ಈ ಹತ್ತು. ತವರಿನ ಆಸ್ತಿಯಲ್ಲಿ ಹೆಣ್ಣುಮಗಳಿಗೆ ಅರಿಶಿನ ಕುಂಕುಮಕ್ಕೆ ಕೊಟ್ಟ ಹಾಗೆ.

ನಾವು ಗಡಿಯ ಬಿಳಿಗುಂಡ್ಲುವಿನಲ್ಲಿ ದಾಟಿಸಬೇಕಾದ 177.25 ಟಿಎಂಸಿಗೆ ತಿಂಗಳವಾರು ಪಟ್ಟಿಯೂ ಇದೆ: ಜೂನ್‌ಗೆ 9.19, ಜುಲೈಗೆ 31.24, ಆಗಸ್ಟ್‌ಗೆ 45.95. ದಶಮಾಂಶದ ಮುಂದೆ ಎರಡು ಸ್ಥಾನ! ಕೊಡಗಿನ ಮೋಡವನ್ನು ಈ ಮೊಕದ್ದಮೆಯಲ್ಲಿ ಪ್ರತಿವಾದಿ ಮಾಡಿರಲಿಲ್ಲವಾಗಿ ಅದಕ್ಕೆ ನಕಲು ತಲುಪಿಲ್ಲ. ಅದು ಜೂನಿನದನ್ನು ಆಗಸ್ಟಿನಲ್ಲಿ, ಆಗಸ್ಟಿನದನ್ನು ಒಂದೇ ರಾತ್ರಿಯಲ್ಲಿ, ಕೆಲವೊಮ್ಮೆ ಗುಡ್ಡ ಸಮೇತ ಸುರಿಯುತ್ತದೆ. ಮಳೆ ಕಮ್ಮಿಯಾದ ವರ್ಷ ಎಲ್ಲರ ಪಾಲನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು ಎಂದು ಐತೀರ್ಪು ಹೇಳಿದೆ. ಎಷ್ಟು ಕಮ್ಮಿಯಾದರೆ ಕಮ್ಮಿ, ಯಾವತ್ತಿಂದ ಲೆಕ್ಕ ಎಂಬುದನ್ನು ಬರ ಬಂದ ಮೇಲೆ ಚರ್ಚಿಸುವುದು ನಮ್ಮ ಸಂಪ್ರದಾಯ. ಇದಕ್ಕಿಂತ ಮನೆಗೆ ಬೆಂಕಿ ಬಿದ್ದಾಗ ಬಾವಿಯ ಟೆಂಡರ್ ಕರೆಯುವುದೇ ತುಸು ಮೇಲು, ಟೆಂಡರಿಗಾದರೂ ಕೊನೆಯ ದಿನಾಂಕ ಇರುತ್ತದೆ.

ಒಬ್ಬ ತಜ್ಞರು ‘ತಳಮಟ್ಟದ ಮಧ್ಯಸ್ಥಿಕೆ’ ಎಂಬ ಹೊಸ ಮಾದರಿಯನ್ನು ಮಂಡಿಸಿದರು. ಹಳೇ ಮೈಸೂರಿನ ಕೆರೆಗಳಲ್ಲಿ ಅದರ ಹೆಸರು ನೀರುಗಂಟಿ. ತೂಬು ಎತ್ತುವವನು ಅವನೇ, ಗದ್ದೆಗದ್ದೆಗೂ ಸರದಿ ಹಾಕುವವನು ಅವನೇ. ಕೆರೆ ಅರ್ಧ ತುಂಬಿದರೆ ಅಚ್ಚುಕಟ್ಟಿನಲ್ಲಿ ಎಷ್ಟು ನಾಟಿ ಎಂಬುದು ಊರಲ್ಲಿ ಮೊದಲೇ ತೀರ್ಮಾನ, ಗೌಡರ ಗದ್ದೆಗೂ ಅದೇ ಅಳತೆ. ಸಂಬಳ ಕಣದಲ್ಲಿ ಅಳೆದುಕೊಟ್ಟ ಧಾನ್ಯ. ಹಾಗಂತ ಸುವರ್ಣಯುಗವೇನಲ್ಲ. ಎಷ್ಟೋ ಊರುಗಳಲ್ಲಿ ಆತ ದಲಿತ, ಇಡೀ ಊರಿಗೆ ನೀರು ಹಂಚುವವನಿಗೆ ಊರ ಬಾವಿಯಲ್ಲಿ ಸೇದುವಂತಿರಲಿಲ್ಲ. ತಜ್ಞರ ಸ್ಲೈಡಿನಲ್ಲಿ ತೂಬೂ ಇರಲಿಲ್ಲ, ಬಾವಿಯೂ ಇರಲಿಲ್ಲ. ಬಾಣದ ಗುರುತುಗಳಿದ್ದವು.

ಇನ್ನೊಂದು ಸಂಗತಿಯನ್ನೂ ಯಾರೂ ಎತ್ತಲಿಲ್ಲ. 2003ರಲ್ಲಿ ಎರಡೂ ರಾಜ್ಯದ ರೈತರು ಕೂಡಿ ‘ಕಾವೇರಿ ಕುಟುಂಬ’ ಕಟ್ಟಿದ್ದರು. ಚೆನ್ನೈನ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಕೂಡಿಸಿದವರು. ರೈತ ಮುಂದಾಳುಗಳಾಗಿ ಆ ಕಡೆ ಮನ್ನಾರ್ಗುಡಿಯ ರಂಗನಾಥನ್, ಈ ಕಡೆ ಕೆ.ಎಸ್. ಪುಟ್ಟಣ್ಣಯ್ಯ. ಇವರು ಅವರ ಒಣಗದ್ದೆ ನೋಡಿದರು, ಅವರು ಇವರದು ನೋಡಿದರು. ಆ ಕಡೆಯವರೆಲ್ಲ ಮೂರು ಬೆಳೆ ತೆಗೆಯುತ್ತಾರೆ, ಈ ಕಡೆಯವರೆಲ್ಲ ನೀರು ಬಚ್ಚಿಡುತ್ತಾರೆ ಎಂದು ಪರಸ್ಪರ ನಂಬಿಕೊಂಡಿದ್ದವರು ಎದುರುಬದುರು ಕೂತು ಮಾತಾಡಿದರು. ಸರ್ಕಾರಗಳು ದೂರದಿಂದ ಶುಭ ಕೋರಿದವು, ಬಹಳ ದೂರದಿಂದ. ಕುಟುಂಬ ನಿಧಾನಕ್ಕೆ ಸೊರಗಿತು. ಬಸ್ಸಿಗೆ ಬೆಂಕಿ ಬೀಳದ ಸಭೆಯನ್ನು ಯಾವ ಚಾನೆಲ್ ನೇರ ಪ್ರಸಾರ ಮಾಡೀತು?

ನೀರಿನ ಬಾಟಲಿಗಳ ತಟ್ಟೆ ಮುಂದಿನ ಸಾಲುಗಳನ್ನು ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಉಳಿದದ್ದು ಒಂದೇ. ಮದ್ದೂರಿನವರು ಮುಚ್ಚಳ ತೆಗೆದು ಮೊದಲು ನಾಗಪಟ್ಟಿಣಂನವರಿಗೆ ಕೊಟ್ಟರು. ಅವರು ಬಾಯಿಗೆ ತಾಗಿಸದೆ ಒಂದು ಗುಟುಕು ಎತ್ತಿ ಕುಡಿದು ವಾಪಸ್ ಚಾಚಿದರು. ಅಷ್ಟರಲ್ಲಿ ಸಂಘಟಕರು ಓಡಿ ಬಂದರು. “ಅದ್ಭುತ! ಇದನ್ನೇ ಇನ್ನೊಂದ್ಸಲ ಮಾಡಿ, ಈ ಕಡೆ ನೋಡ್ತಾ. ಬ್ಯಾನರ್ ಕಾಣಬೇಕು.” ಮಾಡಿದರು. ಬೆಳಕು ಸಾಲಲಿಲ್ಲವಂತೆ, ಮತ್ತೊಮ್ಮೆ. ಮೂರನೇ ಸಲಕ್ಕೆ ಬಾಟಲಿ ಜಾರಿ ಅಷ್ಟೂ ನೀರು ಕಾರ್ಪೆಟ್ಟಿನ ಪಾಲಾಯಿತು.

“ಬುಡಿ ಸಾ,” ಎಂದರು ಮದ್ದೂರಿನವರು, ಒದ್ದೆ ಪಂಚೆ ಹಿಂಡಿಕೊಳ್ಳುತ್ತ. “ಸಮುದ್ರದ ಬಾಬ್ತು ನಾಕ್ರಲ್ಲಿ ಬರ್ಕೊಳಕ್ಕೇಳಿ.”