ವೈನಿಯವರ ಕರಿ ಐದು

ಧಾರವಾಡದ ಓಣಿಯಲ್ಲಿ ತಂಬೂರಿ ಹೊತ್ತು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಗಿಟಾರ್ ಹೊತ್ತರೆ ಇಬ್ಬರಾದರೂ ನಿಲ್ಲಿಸಿ ಕೇಳುತ್ತಾರೆ: "ಯಾವ ಘರಾಣೆರೀ?" ಸಪ್ತಾಪುರದ ನಿವೃತ್ತ ಬ್ಯಾಂಕ್ ಮ್ಯಾನೇಜರೊಬ್ಬರು ಈ ಪ್ರಶ್ನೆಗೆ "ಯೂಟ್ಯೂಬ್ ಘರಾಣೆ" ಎಂದು ಹೇಳಿ ಪಾರಾಗುತ್ತಿದ್ದರು. ಗಿಟಾರ್ ಅವರದಲ್ಲ. ಮಗಳು ಬೆಂಗಳೂರಿಗೆ ನೌಕರಿಗೆ ಹೋಗುವಾಗ ಬೀರುವಿನ ಮೇಲೆ ಬಿಟ್ಟು ಹೋದದ್ದು.

ಆರು ತಿಂಗಳಲ್ಲಿ ಸಾಹೇಬರ ಬೆರಳ ತುದಿ ಜಡ್ಡುಗಟ್ಟಿತು, ಮೂರು ಕಾರ್ಡು ಕೈವಶವಾದವು: ಜಿ, ಸಿ, ಡಿ. ನಾಲ್ಕನೆಯದಾದ ಎಫ್ ಮಾತ್ರ ಒಲಿಯಲಿಲ್ಲ. ಒಂದೇ ತೋರುಬೆರಳಿನಲ್ಲಿ ಆರೂ ತಂತಿಗಳನ್ನು ಅದುಮಿ ಹಿಡಿಯುವ ಆ ಕಾರ್ಡು ಬಂದಾಗಲೆಲ್ಲ ಸಾಹೇಬರು ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು.

ಅವಘಡ ನಡೆದದ್ದು ಶ್ರಾವಣ ಶನಿವಾರದ ಭಜನೆಯಲ್ಲಿ. ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ತಿದಿ ಹರಿದು ಅದು ರಿಪೇರಿಗೆ ಹೋಗಿತ್ತು. ಆ ಜಾಗಕ್ಕೆ ಗಿಟಾರ್ ಬಂತು. ಸಾಹೇಬರ ಅತ್ತಿಗೆ, ಅಂದರೆ ವೈನಿಯವರು, ತಂಬೂರಿ ಮೀಟಿ ತಮ್ಮ ಷಡ್ಜ ಹಿಡಿದರು. ಮೈದುನ ಪುಸ್ತಕದಲ್ಲಿದ್ದಂತೆ ಚಾಚೂ ತಪ್ಪದೆ ಜಿ ಬಾರಿಸಿದರು. ಎರಡನೆಯ ಸಾಲಿಗೆ ಮಂಗಳಾರತಿ ತಟ್ಟೆ ಹಿಡಿದವರೂ ಮುಖ ಹಿಂಡಿಕೊಂಡರು. ವೈನಿ ಹಾಡು ನಿಲ್ಲಿಸಿ, "ಏನೋ, ನೀ ಯಾವ್ದೋ ಬ್ಯಾರೆ ಹಾಡು ಬಾರಸ್ಲಿಕ್ಕತ್ತೀಯಲ್ಲ?" ಎಂದರು.

ಮೂಲೆಯಲ್ಲಿ ಒಬ್ಬ ಪೇಟಿ ಮಾಸ್ತರರು ಕೂತಿದ್ದರು. ಪ್ರಾಯದಲ್ಲಿ ಕಂಪನಿ ನಾಟಕಕ್ಕೆ ಬಾರಿಸಿದವರು. ರಾಜನ ಪಾತ್ರಧಾರಿಗೆ ಒಂದು ಶ್ರುತಿ, ನಾಯಕಿಗೆ ಇನ್ನೊಂದು, ನೆಗಡಿಯಾದ ಹಾಸ್ಯಪಾತ್ರಕ್ಕೆ ಮತ್ತೊಂದು ಎಂದು ರಾತ್ರಿಯಿಡೀ ಷಡ್ಜ ಬದಲಿಸಿ ಪಳಗಿದ ಕೈ.

"ಸಾಹೇಬ್ರ, ನಿಮ್ಮ ಸಾ ಎಲ್ಲೈತಿ?"

"ಜಿ ಮೇಜರ್‌ದಾಗ ಅದರೀ."

"ಅಂದ್ರ ಪೇಟಿಯ ಐದನೇ ಬಿಳಿ ಮನಿ, ಬಿಳಿ ಐದು. ವೈನ್ಯಾರು ಕರಿ ಐದರಾಗ ಹಾಡಾಕತ್ತಾರ. ನೀವು ಬಿಳಿ ಮನಿ ಬಾಗ್ಲಾ ಬಡದ್ರ ಕರಿ ಮನ್ಯಾವ್ರು ಓ ಅಂತಾರೇನು?"

ಮಾಸ್ತರರು ಗಿಟಾರನ್ನು ಕೂಸಿನಂತೆ ತೊಡೆಯ ಮೇಲೆ ಅಡ್ಡ ಮಲಗಿಸಿ ಒಂದೇ ತಂತಿಯ ಮೇಲೆ ಫ್ರೆಟ್ ಎಣಿಸಿದರು. ಬಿಟ್ಟ ತಂತಿ ಸಾ. ನಾಲ್ಕನೇ ಫ್ರೆಟ್ಟು ಗ, ಐದನೆಯದು ಮ, ಏಳನೆಯದು ಪ, ಹನ್ನೆರಡನೆಯದು ಮೇಲಿನ ಸಾ. "ಇದು ಪೇಟಿನ ಬಿಡ್ರಿ. ಕರಿ ಬಿಳಿ ಬಣ್ಣಾ ಹಚ್ಚಿಲ್ಲ ಅಷ್ಟ." ಸಾ-ಗ-ಪ ಕೂಡಿ ನುಡಿದರೆ ಅದೇ ಮೇಜರ್ ಕಾರ್ಡು. ಗಾಂಧಾರ ಒಂದು ಫ್ರೆಟ್ಟು ಹಿಂದೆ ಸರಿದು ಕೋಮಲವಾದರೆ ಮೈನರ್. ಸಾ, ಪ ಕೂತಲ್ಲೇ ಕೂತಿರುತ್ತವೆ. ನಗುವುದೋ ಅಳುವುದೋ ಎಂದು ತೀರ್ಮಾನಿಸುವುದು ನಡುವಿನ ಗಾಂಧಾರ. ಪುಸ್ತಕಗಳು ಇದನ್ನು ಮೊದಲ ಪುಟದಲ್ಲೇ ಹೇಳುವುದು ಬಿಟ್ಟು ಇಂಗ್ಲಿಷ್ ಅಕ್ಷರಮಾಲೆ ಉರು ಹೊಡೆಸುವುದೇಕೋ ಮಾಸ್ತರರಿಗೆ ತಿಳಿಯದು.

ಗಾಂಧಾರ ಎಂದಾಗ ಗಂಗೂಬಾಯಿ ಹಾನಗಲ್ ನೆನಪಾಗುತ್ತಾರೆ. 1913ರಲ್ಲಿ ಧಾರವಾಡದ ಶುಕ್ರವಾರ ಪೇಟೆಯಲ್ಲಿ ಹುಟ್ಟಿದ ಅವರ ಮೊದಲ ಹೆಸರು ಗಾಂಧಾರಿ. ಆರಂಭದ ರೆಕಾರ್ಡುಗಳಲ್ಲಿ ಕೇಳುವುದು ಸಪೂರವಾದ ಏರುದನಿ. ಗಂಟಲಿನ ಚಿಕಿತ್ಸೆಯ ನಂತರ ಆ ದನಿ ತಗ್ಗಿ ಗಂಡುದನಿಯಂತಾಯಿತು. ಷಡ್ಜ ಕೆಳಗಿಳಿಯಿತು, ರಾಗಗಳು ಅವವೇ ಉಳಿದವು. ಗಿಟಾರ್ ಪುಸ್ತಕದ ಟ್ರಾನ್ಸ್‌ಪೋಸಿಶನ್ ಎಂಬ ಅಧ್ಯಾಯಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಹುಬ್ಬಳ್ಳಿ-ಧಾರವಾಡದಲ್ಲಿ ಹುಡುಕಬೇಕಾಗಿಲ್ಲ.

ಸಾಹೇಬರಿಗೆ ಮಾತ್ರ ಬೆಳಕು ಹರಿದದ್ದು ಲೆಕ್ಕದಿಂದ. ಪ್ರತಿ ಫ್ರೆಟ್ಟಿಗೂ ಸ್ವರದ ಕಂಪನಸಂಖ್ಯೆ ಶೇ. 6ಕ್ಕೆ ತುಸು ಕಡಿಮೆ ಏರುತ್ತದೆ, ಹನ್ನೆರಡನೇ ಫ್ರೆಟ್ಟಿಗೆ ಸರಿಯಾಗಿ ದುಪ್ಪಟ್ಟಾಗುತ್ತದೆ. ಮೂವತ್ತೈದು ವರ್ಷ ಕೌಂಟರಿನಲ್ಲಿ ಹೇಳಿದ ಮಾತು ಅದೇ: ಆರು ಪರ್ಸೆಂಟ್ ಚಕ್ರಬಡ್ಡಿಗೆ ಇಟ್ಟ ಹಣ ಹನ್ನೆರಡು ವರ್ಷಕ್ಕೆ ಡಬಲ್! ಠೇವಣಿ ಸಾವಿರದ್ದಿರಲಿ, ಲಕ್ಷದ್ದಿರಲಿ, ಡಬಲ್ ಆಗಲು ಅಷ್ಟೇ ವರ್ಷ. ಷಡ್ಜ ಎಲ್ಲೇ ಇರಲಿ, ಪಂಚಮಕ್ಕೆ ಏಳೇ ಫ್ರೆಟ್ಟು. "ಇಷ್ಟ ಏನು?" ಎಂದರು. ಇಷ್ಟೇ.

ಹಾಗಾದರೆ ಬಿಳಿ ಐದರಿಂದ ಕರಿ ಐದಕ್ಕೆ ಎಷ್ಟು? ಮೂರು ಫ್ರೆಟ್ಟು. ಜಿ, ಸಿ, ಡಿ ಮೂರನ್ನೂ ಅಷ್ಟಷ್ಟೇ ಏರಿಸಿದರೆ ಎ ಶಾರ್ಪ್, ಡಿ ಶಾರ್ಪ್ ಮತ್ತು, ಅಯ್ಯೋ ದೇವರೇ, ಎಫ್. ಸಾಹೇಬರು ಚಹಾಕ್ಕೆ ಏಳುವಷ್ಟರಲ್ಲಿ ಮೊಮ್ಮಗ ಗಿಡ್ಡ ಪೆನ್ಸಿಲೊಂದನ್ನು ಮೂರನೇ ಫ್ರೆಟ್ಟಿನ ಮೇಲೆ ಅಡ್ಡ ಇಟ್ಟು ರಬ್ಬರ್ ಬ್ಯಾಂಡಿನಿಂದ ಬಿಗಿದ. ಅಂಗಡಿಯಲ್ಲಿ ಕ್ಯಾಪೋ ಎಂದು ಮಾರುವ ಕ್ಲಿಪ್ಪಿನ ಕೆಲಸ ಇಷ್ಟೇ. ಬೆರಳು ಹಳೆಯ ಜಿ, ಸಿ, ಡಿ ಹಿಡಿಯುತ್ತವೆ, ನಾದ ವೈನಿಯವರ ಶ್ರುತಿಗೆ ಹೊರಡುತ್ತದೆ.

ಭಜನೆ ಮುಂದುವರಿಯಿತು. ಆದರೂ ವೈನಿಯವರ ಹುಬ್ಬು ಪೂರ್ತಿ ಸಡಿಲಲಿಲ್ಲ. ಹದವಾಗಿ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರವೊಂದು ತಾನೇ ಕೇಳುತ್ತದೆ. ಗಿಟಾರಿನ ಗಾಂಧಾರ ಅದಕ್ಕಿಂತ ಒಂದು ಫ್ರೆಟ್ಟಿನ ನೂರರಲ್ಲಿ ಸುಮಾರು 14 ಪಾಲು ಮೇಲಿದೆ. ಆರು ತಂತಿಗೂ ಎಲ್ಲ ಶ್ರುತಿಗೂ ಒಂದೇ ಫ್ರೆಟ್ಟು ಹೊಂದಲೆಂದು ಮಾಡಿಕೊಂಡ ರಾಜಿ ಅದು. ಪೇಟಿಯಲ್ಲೂ ಅದೇ ರಾಜಿ. ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟದ್ದಕ್ಕೆ ಅದೂ ಒಂದು ಕಾರಣ. ಬಾಗಿಲು ಸಡಿಲಾದದ್ದು 1971ರಲ್ಲಿ. "ಇದರ ಗ ಸ್ವಲ್ಪ ಚುಚ್ಚತದ," ಎಂದು ವೈನಿ ಹೇಳಿದಾಗ ಸಾಹೇಬರು ಮಾಸ್ತರರ ಮುಖ ನೋಡಿದರು. ಮಾಸ್ತರರು ಪಂಚಖಾದ್ಯದ ಕಡೆ ತಿರುಗಿಕೊಂಡರು.

ಈಗ ಪೆನ್ಸಿಲ್ ಹೋಗಿ ಹುಬ್ಬಳ್ಳಿಯಿಂದ ತಂದ ಕ್ಯಾಪೋ ಬಂದಿದೆ. ಪ್ರತಿ ಶನಿವಾರ ಅದು ಮೂರನೇ ಫ್ರೆಟ್ಟಿನಲ್ಲಿರುತ್ತದೆ. ವೈನಿಯವರಿಗೆ ನೆಗಡಿಯಾದ ದಿನ ಹಾಡು ಕರಿ ನಾಲ್ಕಕ್ಕೆ ಇಳಿಯುತ್ತದೆ, ಕ್ಯಾಪೋ ಒಂದನೇ ಫ್ರೆಟ್ಟಿಗೆ.